ಇವತ್ತಿನ ರ‍್ಯಾಮ್ ರೇಟು

ಮಾಲೂರು ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಯೊಂದರಲ್ಲಿ ಸ್ಕ್ರೀನ್ ಗಾರ್ಡ್ ಹಾಕಿಸಿಕೊಳ್ಳಲು ಕಾಯುತ್ತಿದ್ದೆ. ಪಕ್ಕದಲ್ಲೊಬ್ಬ ಇಪ್ಪತ್ತರ ಹುಡುಗ. ಶಿಫ್ಟ್ ಮುಗಿಸಿ ಕಂಪನಿ ಬಸ್ಸಿಳಿದು ನೇರ ಬಂದಿದ್ದ. ಕೊರಳಿನ ಟ್ಯಾಗು ಇನ್ನೂ ತೆಗೆದಿರಲಿಲ್ಲ. ಗಾಜಿನೊಳಗಿದ್ದ ಒಂದು ಫೋನಿನ ಮೇಲೆ ಅವನ ಕಣ್ಣು.

"ಅಣ್ಣ, ದೀಪಾವಳೀಲಿ ಕೇಳ್ದಾಗ ಹನ್ನೊಂದೂವರೆ ಅಂದಿದ್ರಿ. ಈಗ ಹದಿಮೂರು ಅಂತೀರಲ್ಲ?"

"ಅದು ದೀಪಾವಳಿ ರೇಟು ಕಣಪ್ಪ. ಇದೂ ಟೊಮೊಟೊ ಥರಾನೇ ಆಗೋಗಿದೆ."

"ಅದೇ ಫೋನ್ ತಾನೆ?"

"ಅದೇ ಫೋನು, ಅದೇ ಡಬ್ಬಿ. ಒಳಗಡೆ ರ‍್ಯಾಮ್ ರೇಟ್ ಏರೈತಂತೆ. ಎಐನೋರು ಎಲ್ಲಾ ಎತ್ಕೊಂಡು ಹೋಗ್ತಾವ್ರಂತೆ."

ಅಂಗಡಿಯವರ ಅಣ್ಣ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಗುಮಾಸ್ತರು. ಹಾಗಾಗಿ ಲೋಕದ ವ್ಯವಹಾರವೆಲ್ಲ ಇವರಿಗೂ ಹದಿನೈದು ಕೆಜಿ ಬಾಕ್ಸಿನ ಲೆಕ್ಕದಲ್ಲೇ ತಿಳಿಯುವುದು. ಟೊಮೆಟೊ ಥರ ಅಂದದ್ದು ತಮಾಷೆಯ ಮಾತು. ಆದರೆ ಮನೆಗೆ ಬಂದು ಯೋಚಿಸಿದಷ್ಟೂ, ಈ ವಿಷಯದಲ್ಲಿ ನಾನು ಓದಿದ್ದ ಉದ್ದುದ್ದ ವಿಶ್ಲೇಷಣೆಗಳಿಗಿಂತ ಅದೇ ನೆಟ್ಟಗಿನ ವಿವರಣೆ ಅನ್ನಿಸಿತು. ಅಷ್ಟಕ್ಕೂ ಎಐನವರು ಎತ್ತಿಕೊಂಡು ಹೋಗುತ್ತಿರುವುದು ಏನನ್ನು?

ಫೋನಿನ ಸ್ಟೋರೇಜ್ ಅನ್ನುವುದು ಮನೆಯ ಉಗ್ರಾಣ. ರ‍್ಯಾಮ್ ಅಡುಗೆಕಟ್ಟೆ. ಅಕ್ಕಿ ಬೇಳೆ ಉಗ್ರಾಣದಲ್ಲಿ ಎಷ್ಟೇ ಇರಲಿ, ಹೆಚ್ಚುವುದು, ಕಲಸುವುದು, ಬೇಯಿಸುವುದು ಕಟ್ಟೆಯ ಮೇಲೆ. ಕಟ್ಟೆ ಚಿಕ್ಕದಾದರೆ ಒಂದು ಪಾತ್ರೆ ಇಳಿಸದೆ ಇನ್ನೊಂದು ಇಡಲಾಗದು. ವಾಟ್ಸಾಪ್ ನೋಡಿ ಹಿಂದಕ್ಕೆ ಬರುವಷ್ಟರಲ್ಲಿ ಆಡುತ್ತಿದ್ದ ಆಟ ಮೊದಲಿನಿಂದ ಶುರುವಾಗುವುದು ಇದಕ್ಕೇ.

ಚಾಟ್‌ಜಿಪಿಟಿಯಂಥ ಯಂತ್ರಗಳ ಅಡುಗೆ ಬೇರೆ ಥರದ್ದು. ಒಂದೊಂದು ಪದ ಉದುರಿಸಲೂ ಅದು ತನ್ನ ಕೋಟ್ಯಂತರ ಅಂಕಿಗಳ ಮೇಲೆ ಕೈಯಾಡಿಸಬೇಕು. ಅಷ್ಟೂ ಸಾಮಾನು ಸದಾ ಕಟ್ಟೆಯ ಮೇಲೇ ಹರಡಿರಬೇಕು. ಉಗ್ರಾಣಕ್ಕೆ ಹೋಗಿ ತರುತ್ತೇನೆಂದರೆ ಒಂದು ಉತ್ತರಕ್ಕೆ ಅರ್ಧ ದಿನ ಕಾಯಬೇಕಾದೀತು. ಹಾಗಾಗಿ ಎನ್‌ವಿಡಿಯಾ ಕಂಪನಿಯ ಜಿಬಿ300 ಎಂಬ ರ‍್ಯಾಕ್‌ನಲ್ಲಿ, ನಮ್ಮ ಮನೆಯ ಬೀರುವಿಗಿಂತ ತುಸು ಎತ್ತರದ ಒಂದೇ ಒಂದು ರ‍್ಯಾಕ್‌ನಲ್ಲಿ, 72 ಜಿಪಿಯುಗಳು, ಅಂದರೆ ಲೆಕ್ಕ ಮಾಡುವ ಚಿಪ್ಪುಗಳು, ಇರುತ್ತವೆ. ಒಂದೊಂದಕ್ಕೂ 288 ಜಿಬಿ ಮೆಮೊರಿ. ಗುಣಿಸಿದರೆ 20,736 ಜಿಬಿ. ಆ ಹುಡುಗ ನೋಡುತ್ತಿದ್ದ 4 ಜಿಬಿ ಫೋನಿನ ಲೆಕ್ಕದಲ್ಲಿ 5,184 ಫೋನುಗಳ ರ‍್ಯಾಮ್. ಇಂಥ ರ‍್ಯಾಕ್‌ಗಳನ್ನು ಡೇಟಾ ಸೆಂಟರಿನವರು ಸಾಲುಸಾಲಾಗಿ ನಿಲ್ಲಿಸುತ್ತಿದ್ದಾರೆ.

ಇಷ್ಟೇ ಆಗಿದ್ದರೆ ಬೇಡಿಕೆ ಹೆಚ್ಚಾಯಿತು, ಬೆಲೆ ಏರಿತು ಎಂದು ಸುಮ್ಮನಾಗಬಹುದಿತ್ತು. ಇಲ್ಲಿ ಇನ್ನೊಂದು ಸುಳಿ ಇದೆ. ಅದು ಮಾಲೂರಿನಂಥ ಹೆಂಚು ಇಟ್ಟಿಗೆಗಳ ಊರಿನವರಿಗೆ ಬೇಗ ಹೊಳೆಯಬೇಕು. ಹೆಂಚಿಗೂ ಇಟ್ಟಿಗೆಗೂ ಒಂದೇ ಜೇಡಿಮಣ್ಣು. ಕೆರೆಯಿಂದ ಬಂದ ಮಣ್ಣನ್ನು ಯಾವುದಕ್ಕೆ ಕಲಸುವುದೆಂದು ತೀರ್ಮಾನಿಸುವವನು ಕಾರ್ಖಾನೆಯವನು; ಹೆಂಚಿಗೆ ಹೋದ ಮಣ್ಣು ಇಟ್ಟಿಗೆಗಿಲ್ಲ. ಮೆಮೊರಿ ಚಿಪ್ಪಿನ ಜೇಡಿಮಣ್ಣು ಸಿಲಿಕಾನ್ ಬಿಲ್ಲೆ. ಊಟದ ತಟ್ಟೆಯಗಲದ ಆ ಬಿಲ್ಲೆಗೆ ವೇಫರ್ ಎಂದು ಹೆಸರು. ಫೋನು ಕಂಪ್ಯೂಟರುಗಳ ಸಾದಾ ರ‍್ಯಾಮ್ ಆಗುವುದೂ ಅದರಿಂದಲೇ, ಎಐ ಯಂತ್ರಗಳ ಎಚ್‌ಬಿಎಂ ಎಂಬ ದುಬಾರಿ ಮೆಮೊರಿ ಆಗುವುದೂ ಅದರಿಂದಲೇ. ಎಚ್‌ಬಿಎಂನಲ್ಲಿ ಒಂದೊಂದು ಚಿಪ್ಪಿಗೂ ಸೂಕ್ಷ್ಮ ರಂಧ್ರಗಳನ್ನು ಕೊರೆದು ಲೋಹ ತುಂಬಿ, ತೆಳ್ಳಗೆ ಹೆರೆದು, ಎಂಟು ಹನ್ನೆರಡು ಪದರವಾಗಿ ಒಂದರ ಮೇಲೊಂದು ಪೇರಿಸುತ್ತಾರೆ. ನಡುವೆ ಒಂದು ಪದರ ಕೆಟ್ಟಿತೋ, ಇಡೀ ಅಟ್ಟಿ ರದ್ದಿ. ಹೀಗಾಗಿ ಅಷ್ಟೇ ಜಿಬಿಗೆ ಸಾದಾ ಡಿಡಿಆರ್5 ಮೆಮೊರಿಗಿಂತ ಸುಮಾರು ಮೂರು ಪಟ್ಟು ಬಿಲ್ಲೆ ಬೇಕಾಗುತ್ತದೆ ಎಂದು ಮೈಕ್ರಾನ್ ಕಂಪನಿಯೇ ಹೇಳಿದೆ.

ಈಗ ಮೇಲಿನ ಲೆಕ್ಕವನ್ನು ಮೂರರಿಂದ ಗುಣಿಸಿ. ಒಂದು ರ‍್ಯಾಕ್ ನುಂಗುವುದು ಐದು ಸಾವಿರವಲ್ಲ, ಹದಿನೈದು ಸಾವಿರ ಫೋನುಗಳ ಮಣ್ಣು. 2011ರ ಜನಗಣತಿಯಲ್ಲಿ ಮಾಲೂರು ಪಟ್ಟಣದ ಜನಸಂಖ್ಯೆ ಸುಮಾರು 40 ಸಾವಿರ. ಕೂಸಿನಿಂದ ಮುದುಕರ ತನಕ ಊರಿನ ಎಲ್ಲರ ಕೈಗೂ ಒಂದೊಂದು ಫೋನು ಕೊಡಬಹುದಾಗಿದ್ದ ಬಿಲ್ಲೆಗಳು ಮೂರೇ ಮೂರು ಬೀರುಗಳೊಳಗೆ ಕೂತುಬಿಡುತ್ತವೆ. ಇದು ಸ್ಥೂಲ ಲೆಕ್ಕ. ಫೋನಿನ ಮೆಮೊರಿ ಸ್ವಲ್ಪ ಬೇರೆ ಜಾತಿಯದು. ಆದರೂ ಅಂದಾಜಿಗೆ ಸಾಕು.

ಈ ಬಿಲ್ಲೆಗಳ ಹೊಲ ಇರುವುದು ಮೂವರ ಕೈಯಲ್ಲಿ: ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಈ ಎರಡೂ ಬಗೆಯ ಮೆಮೊರಿ ಸೇರಿದ ಜಗತ್ತಿನ ಡಿ-ರ‍್ಯಾಮ್ ವ್ಯಾಪಾರದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಇವರದ್ದೇ. 2025ರ ಅಕ್ಟೋಬರ್ 1ರಂದು ಓಪನ್‌ಎಐ ಕಂಪನಿ ಸ್ಯಾಮ್‌ಸಂಗ್ ಮತ್ತು ಹೈನಿಕ್ಸ್ ಜೊತೆ ಒಂದು ಒಡಂಬಡಿಕೆ ಪ್ರಕಟಿಸಿತು. ಗುರಿ ತಿಂಗಳಿಗೆ 9 ಲಕ್ಷ ವೇಫರ್. ಅದು ಪೂರ್ತಿ ಜಾರಿಯಾದರೆ ಜಗತ್ತಿನ ಉತ್ಪಾದನೆಯಲ್ಲಿ ಐದರಲ್ಲೆರಡು ಪಾಲಿನಷ್ಟಾಗುತ್ತದೆ ಎಂದು ಅಂದಾಜಿಸಿದವರಿದ್ದಾರೆ. ಒಡಂಬಡಿಕೆ ಅಂದರೆ ಇನ್ನೂ ಮುಂಗಡದ ಮಾತು, ಲೋಡು ಎತ್ತಿದ್ದಲ್ಲ. ಆದರೂ ಮಾರುಕಟ್ಟೆ ಬೆಚ್ಚಿತು. ಅದೇ ವರ್ಷದ ಡಿಸೆಂಬರ್ 3ರಂದು ಮೈಕ್ರಾನ್ ಇನ್ನೊಂದು ಘೋಷಣೆ ಮಾಡಿತು. ಜನಸಾಮಾನ್ಯರು ಅಂಗಡಿಯಲ್ಲಿ ಕೊಳ್ಳುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ರ‍್ಯಾಮ್, ಎಸ್‌ಎಸ್‌ಡಿಗಳ ವ್ಯಾಪಾರವನ್ನೇ ಮುಚ್ಚುತ್ತೇನೆ ಎಂದಿತು. ಕೊಟ್ಟ ಕಾರಣ ಮುಚ್ಚುಮರೆಯಿಲ್ಲದ್ದು: ಎಐ ಡೇಟಾ ಸೆಂಟರುಗಳ ಬೇಡಿಕೆ. ಸುಮಾರು ಮೂವತ್ತು ವರ್ಷದ ಹೆಸರು ಅದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಂಡವರಲ್ಲಿ ಆ ಡಬ್ಬಿ ಕಾಣದವರು ಕಡಿಮೆ. ಅಲ್ಲೀಗ ರ‍್ಯಾಮ್ ಕಡ್ಡಿಯ ಬೆಲೆ ಕೇಳಿದರೆ, ನಮ್ಮ ಜಿಲ್ಲೆಯ ವಡ್ಡಹಳ್ಳಿ ಟೊಮೆಟೊ ಮಂಡಿಯಲ್ಲಿ ಕೇಳಿದ ಹಾಗೆ, "ಇವತ್ತಿನ ರೇಟ್ ಇದು, ನಾಳೆದು ಗೊತ್ತಿಲ್ಲ" ಅನ್ನುತ್ತಾರೆ. ಡಿಡಿಆರ್5 ಕಡ್ಡಿಗಳ ಬೆಲೆ ಕೆಲವೇ ತಿಂಗಳಲ್ಲಿ ಎರಡು ಮೂರು ಪಟ್ಟಾಯಿತು.

ಟೊಮೆಟೊ ಹೋಲಿಕೆ ನಿಜವಾಗಿ ಕೂರುವುದು ಇಲ್ಲಿ. 2023ರ ಜುಲೈ ನೆನಪಿರಬೇಕು. ಕೋಲಾರದಲ್ಲಿ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ತೋಟಗಳಿಗೆ ರಾತ್ರಿ ಕಾವಲು ಕೂತರು. ಅದನ್ನು ನೋಡಿ ಎಲ್ಲರೂ ನಾಟಿ ಮಾಡಿದರು; ಸೆಪ್ಟೆಂಬರ್ ಹೊತ್ತಿಗೆ ಕಿತ್ತ ಕೂಲಿಯೂ ಹುಟ್ಟದೆ ಹಣ್ಣು ರಸ್ತೆ ಬದಿಗೆ ಬಿತ್ತು. ಅದೇ 2023ರಲ್ಲಿ ಮೆಮೊರಿ ಮಾರುಕಟ್ಟೆ ನೆಲ ಕಚ್ಚಿತ್ತು. ಕೊರೊನಾ ಕಾಲದ ಬೇಡಿಕೆ ನಂಬಿ ಬೆಳೆದ ಬೆಳೆ ಗೋದಾಮಿನಲ್ಲಿ ಕೊಳೆಯುತ್ತಿತ್ತು. ಹೈನಿಕ್ಸ್, ಮೈಕ್ರಾನ್ ನಷ್ಟ ತೋರಿಸಿದವು. ಯಾರಿಗೂ ಜಗ್ಗದ ಸ್ಯಾಮ್‌ಸಂಗ್ ಕೂಡ ಆ ಏಪ್ರಿಲ್‌ನಲ್ಲಿ ಉತ್ಪಾದನೆ ಇಳಿಸುತ್ತೇನೆಂದಿತು. ಹಾಗೆ ಪೈರು ಕಡಿಮೆ ಮಾಡಿಕೊಂಡ ಹೊತ್ತಿಗೇ ಎಐ ಬಂದು ಬಾಗಿಲು ಬಡಿಯಿತು. ಒಂದೇ ವ್ಯತ್ಯಾಸ: ಟೊಮೆಟೊ ಸಸಿ ನೆಟ್ಟರೆ ಎರಡೂವರೆ ತಿಂಗಳಿಗೆ ಕಾಯಿ ಸಿಗುತ್ತದೆ. ಚಿಪ್ ಕಾರ್ಖಾನೆ ಕಟ್ಟಿ ಬಿಲ್ಲೆ ಹೊರಬರಲು ಎರಡು ಮೂರು ವರ್ಷ ಬೇಕು. ಆದ್ದರಿಂದ ನಮ್ಮ ಮಂಡಿಯಲ್ಲಿ ಒಂದು ಮಳೆಗಾಲದಲ್ಲಿ ಮುಗಿಯುವ ಆಟ ಅವರ ಮಂಡಿಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಮೂರು ಸಲ ಕೈ ಸುಟ್ಟುಕೊಂಡ ಬೆಳೆಗಾರ ಬೆಲೆ ಏರಿತೆಂದು ತಟಕ್ಕನೆ ನಾಟಿಗೆ ಇಳಿಯುವುದೂ ಇಲ್ಲ.

ಗುಜರಾತಿನ ಸಾನಂದ್‌ನಲ್ಲಿ ಮೈಕ್ರಾನ್ ಘಟಕ ಇದೆಯಲ್ಲ, ಅಲ್ಲಿಂದ ನಮಗೆ ಅಗ್ಗದಲ್ಲಿ ಸಿಗುವುದಿಲ್ಲವೇ ಎಂದು ಕೇಳಬಹುದು. 2023ರಲ್ಲಿ ಘೋಷಣೆಯಾದ ಆ ಘಟಕ ಚಿಪ್ಪುಗಳನ್ನು ಪರೀಕ್ಷಿಸಿ ಕವಚ ತೊಡಿಸುವಂಥದ್ದು. ಹಣ್ಣು ಆರಿಸಿ ಬಾಕ್ಸಿಗೆ ತುಂಬುವ ಜಾಗ, ಹೊಲವಲ್ಲ.

ಇನ್ನು ಫೋನನ್ನೇ ಜೋಡಿಸುವ ನಮ್ಮ ಪಕ್ಕದ ನರಸಾಪುರದ ವಿಷಯ. ಭಾರತದಲ್ಲಿ ಐಫೋನ್ ಜೋಡಣೆ ಶುರುವಾದದ್ದು 2017ರಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ. ಮಾಡಿದ್ದು ತೈವಾನಿನ ವಿಸ್ಟ್ರಾನ್. ಆಮೇಲೆ ಅದೇ ಕಂಪನಿ ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಬಂತು. 2020ರ ಡಿಸೆಂಬರ್ 12ರ ಬೆಳಿಗ್ಗೆ ಆ ಕಾರ್ಖಾನೆಯಲ್ಲಿ ಕಾರ್ಮಿಕರು ಮಾಡಿದ ಗಲಾಟೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಗಾಜು ಒಡೆದದ್ದರ ಚಿತ್ರಗಳು ಎಲ್ಲರಿಗೂ ಸಿಕ್ಕವು. ಸಂಬಳ ಮತ್ತು ಓವರ್‌ಟೈಮ್ ಲೆಕ್ಕದ ದೂರುಗಳು, ಕೆಲವೇ ತಿಂಗಳಲ್ಲಿ ಐದು ಸಾವಿರದಿಂದ ಹತ್ತು ಸಾವಿರ ದಾಟಿದ ಕಾರ್ಮಿಕರನ್ನು ನಿಭಾಯಿಸುವ ವ್ಯವಸ್ಥೆಯೇ ಇರಲಿಲ್ಲವೆಂದ ರಾಜ್ಯದ ಕಾರ್ಖಾನೆಗಳ ಇಲಾಖೆಯ ವರದಿ ಅಷ್ಟಾಗಿ ಸುದ್ದಿಯಾಗಲಿಲ್ಲ. ಕೆಲವು ಕಾರ್ಮಿಕರಿಗೆ ಸರಿಯಾಗಿ ಸಂಬಳ ಪಾವತಿಯಾಗಿಲ್ಲ ಎಂದು ವಿಸ್ಟ್ರಾನ್ ಒಪ್ಪಿಕೊಂಡು ಭಾರತದ ಮುಖ್ಯಸ್ಥರನ್ನು ತೆಗೆಯಿತು; ಆ್ಯಪಲ್ ಅದಕ್ಕೆ ಹೊಸ ಕೆಲಸ ಕೊಡುವುದನ್ನು ಕೆಲಕಾಲ ನಿಲ್ಲಿಸಿತು. 2023ರ ಅಕ್ಟೋಬರ್‌ನಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ 125 ಮಿಲಿಯನ್ ಡಾಲರಿಗೆ ಘಟಕವನ್ನು ಕೊಳ್ಳುವುದೆಂದು ಒಪ್ಪಂದವಾಯಿತು. ಐಫೋನ್ ಜೋಡಿಸುವ ಮೊದಲ ಭಾರತೀಯ ಕಂಪನಿ ಎಂಬ ಹೆಸರು ಟಾಟಾಗೆ ಬಂದದ್ದು ನಮ್ಮ ಜಿಲ್ಲೆಯ ಈ ಜಾಗದಿಂದ.

ಮಾಲೂರಿನಿಂದ ಬಡಗಣಕ್ಕೆ ಹೋದರೆ ನರಸಾಪುರದ ಜೋಡಣೆ ಘಟಕ. ತೆಂಕಣಕ್ಕೆ ಹೊಸೂರಿನತ್ತ ಹೋದರೆ ಫೋನಿನ ಲೋಹದ ಮೈ ತಯಾರಿಸುವ ಟಾಟಾದ ಇನ್ನೊಂದು ಘಟಕ, 2024ರ ಸೆಪ್ಟೆಂಬರ್ 28ರಂದು ಬೆಂಕಿ ಬಿದ್ದು ಸುದ್ದಿಯಾದದ್ದು. ನಡುವೆ ನಾವು. 2025ರ ಮೇ ತಿಂಗಳಲ್ಲಿ, ಆಗ ಆ್ಯಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್, ಆ ಏಪ್ರಿಲ್-ಜೂನ್ ಅವಧಿಯಲ್ಲಿ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಹೆಚ್ಚಿನವು ಭಾರತದಲ್ಲಿ ತಯಾರಾದವೇ ಆಗಿರುತ್ತವೆ ಎಂದಾಗ ಈ ರಸ್ತೆಯ ಕಂಪನಿ ಬಸ್ಸುಗಳೂ ಆ ಮಾತಿನಲ್ಲಿ ಸೇರಿದ್ದವು. ಆದರೆ ಫೋನಿನೊಳಗಿನ ಮೆಮೊರಿ ಕೊರಿಯಾದಿಂದಲೋ, ಜಪಾನ್ ತೈವಾನ್‌ಗಳಿಂದಲೋ ವಿಮಾನದಲ್ಲಿ ಬರುತ್ತದೆ. ಅದರ ರೇಟು ಕಟ್ಟುವ ಹರಾಜಿನಲ್ಲಿ ನರಸಾಪುರಕ್ಕೆ ಕೂರುವ ಜಾಗವಿಲ್ಲ. ಕೆಜಿಎಫ್‌ನ ಚಿನ್ನದ ಬೆಲೆಯೂ ಕೆಜಿಎಫ್‌ನಲ್ಲಿ ನಿಗದಿಯಾಗುತ್ತಿರಲಿಲ್ಲ ಅನ್ನಿ.

ನರಸಾಪುರದಲ್ಲಿ ಜೋಡಣೆಯಾಗುವ ಐಫೋನಿಗೆ ಈ ಏರಿಕೆ ಅಷ್ಟು ತಟ್ಟುವುದಿಲ್ಲ. ಅಂಗಡಿಯಲ್ಲಿ ನಿಂತಿದ್ದ ಹುಡುಗನ ಫೋನಿಗೆ ತಟ್ಟುತ್ತದೆ. ಟೊಮೆಟೊದಲ್ಲಿ ಸಾಸ್ ಕಾರ್ಖಾನೆಯವರು ಮೊದಲೇ ದರ ಮಾತಾಡಿಕೊಂಡಿರುತ್ತಾರೆ. ಬೆಳಿಗ್ಗೆ ಮಂಡಿಗೆ ಬಂದು ಕೊಳ್ಳುವ ತಳ್ಳುಗಾಡಿಯವನು ಆ ದಿನದ ರೇಟು ಕೊಡಬೇಕು. ಮೆಮೊರಿಯಲ್ಲೂ ಹಾಗೇ. ಆ್ಯಪಲ್‌ನಂಥ ದೊಡ್ಡ ಗಿರಾಕಿ ದೀರ್ಘ ಒಪ್ಪಂದದಲ್ಲಿ ಕೊಳ್ಳುತ್ತದೆ. ಜೊತೆಗೆ 2025ರಲ್ಲಿ 82,900 ರೂಪಾಯಿಗೆ ಬಂದ ಐಫೋನ್ 17ರಲ್ಲಿ ಮೆಮೊರಿಯ ಖರ್ಚು ಸಣ್ಣ ಪಾಲು. ಹನ್ನೆರಡು ಸಾವಿರದ ಫೋನಿನಲ್ಲಿ ದೊಡ್ಡ ಪಾಲು. ಕೌಂಟರ್‌ಪಾಯಿಂಟ್ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಕೊಟ್ಟ ಅಂದಾಜಿನಲ್ಲಿ, ಬಿಡಿಭಾಗಗಳ ಒಟ್ಟು ಖರ್ಚು ಅಗ್ಗದ ಫೋನುಗಳಲ್ಲಿ ನೂರಕ್ಕೆ 25ರಷ್ಟು, ಮಧ್ಯಮದಲ್ಲಿ 15, ದುಬಾರಿಯಲ್ಲಿ 10ರಷ್ಟು ಏರಿತ್ತು. ಎಐನ ಬಿಲ್ಲನ್ನು ಎಐ ಬಳಸುವವರೇ ಕಟ್ಟುತ್ತಿದ್ದಾರೆ ಎಂದುಕೊಂಡಿದ್ದರೆ ಈ ಅಂಕಿಗಳನ್ನು ಇನ್ನೊಮ್ಮೆ ಓದಬಹುದು.

ಕಂಪನಿಗಳು ಇದನ್ನು ಎರಡು ದಾರಿಯಲ್ಲಿ ನಮ್ಮ ಮೇಲೆ ಹಾಕುತ್ತವೆ. ಒಂದು, ನೇರ ಬೆಲೆ ಏರಿಕೆ. ಅದು ಪ್ರಾಮಾಣಿಕ ದಾರಿ. ಇನ್ನೊಂದು, ಬೆಲೆ ಹಾಗೇ ಇಟ್ಟು 8 ಜಿಬಿ ಇದ್ದಲ್ಲಿ 6, 6 ಇದ್ದಲ್ಲಿ 4 ಮಾಡುವುದು. ಬಿಸ್ಕತ್ತು ಪೊಟ್ಟಣದ ಬೆಲೆ ಐದೇ ರೂಪಾಯಿ ಉಳಿದು ಬಿಸ್ಕತ್ತು ಕಡಿಮೆಯಾದ ಹಾಗೆ. ಡಬ್ಬಿಯ ಮೇಲೆ ದೊಡ್ಡದಾಗಿ "8 ಜಿಬಿ ರ‍್ಯಾಮ್" ಎಂದು ಬರೆದು, ಕೆಳಗೆ ಇರುವೆ ಅಕ್ಷರದಲ್ಲಿ "4 ಜಿಬಿ + 4 ಜಿಬಿ ವರ್ಚುವಲ್" ಎಂದಿದ್ದರೆ ನೋಡಿಕೊಳ್ಳಿ. ಆ ಎರಡನೇ ನಾಲ್ಕು, ಉಗ್ರಾಣದ ನೆಲದ ಮೇಲೆ ಮಣೆ ಹಾಕಿ ಅದನ್ನೂ ಅಡುಗೆಕಟ್ಟೆ ಎಂದು ಕರೆದದ್ದು. ಬಗ್ಗಿ ಕೂತು ಹೆಚ್ಚಬಹುದು, ಇಲ್ಲವೆನ್ನುವುದಿಲ್ಲ. ಆದರೆ ಕಟ್ಟೆಯ ಕೆಲಸ ಅಲ್ಲಾಗದು. ಈ ಮಧ್ಯೆ ಜಾಹೀರಾತುಗಳೆಲ್ಲ "ಎಐ ಫೋನ್" ಎಂದು ಕೂಗುತ್ತಿವೆ. ಫೋನಿನೊಳಗೇ ಎಐ ಓಡಬೇಕಾದರೆ ಹೆಚ್ಚು ರ‍್ಯಾಮ್ ಬೇಕು. ಆ ರ‍್ಯಾಮ್ ಅನ್ನು ಡೇಟಾ ಸೆಂಟರಿನ ಎಐ ಆಗಲೇ ಎತ್ತಿಕೊಂಡಿದೆ.

ಆಟದ ಯಂತ್ರಗಳ ಕಥೆ ಇನ್ನೂ ವಿಚಿತ್ರ. ಹಳೆಯದಾದಂತೆ ಅಗ್ಗವಾಗುವುದು ಗೇಮಿಂಗ್ ಕನ್ಸೋಲುಗಳ ಲಾಗಾಯ್ತಿನ ಧರ್ಮ. ಈ ಸಲ ಅದು ತಲೆಕೆಳಗಾಯಿತು. ಭಾರತದಲ್ಲಿ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ 5, ಮರುವರ್ಷ 54,990 ಆಯಿತು. ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2025ರಲ್ಲಿ ಎರಡು ಸಲ ಏರಿ 499 ಡಾಲರಿಂದ 649ಕ್ಕೆ ಮುಟ್ಟಿತು. ಇವಕ್ಕೆಲ್ಲ ಮೆಮೊರಿಯೊಂದೇ ಕಾರಣವಲ್ಲ. ಸುಂಕ, ಡಾಲರು, ಇನ್ನೂ ಏನೇನೋ ಇವೆ. ಆದರೆ ವಾಲ್ವ್ ಕಂಪನಿ 2025ರ ನವೆಂಬರ್‌ನಲ್ಲಿ ತೋರಿಸಿದ ಸ್ಟೀಮ್ ಮಷೀನ್‌ಗೆ ತಗುಲಿದ್ದು ಮೆಮೊರಿಯ ಪೆಟ್ಟೇ: ಅಭಾವದಿಂದಾಗಿ ಬೆಲೆ, ದಿನಾಂಕ ಎರಡನ್ನೂ ಮತ್ತೆ ಕೂತು ನೋಡಬೇಕಾಗಿದೆ ಎಂದು ಕಂಪನಿಯೇ 2026ರ ಫೆಬ್ರವರಿಯಲ್ಲಿ ಹೇಳಿತು. ಎರಡು ಸಲ ಮುಂದಕ್ಕೆ ಹೋಗಿ 2026ರ ನವೆಂಬರ್ 19ಕ್ಕೆ ದಿನ ಕಟ್ಟಿದ ಜಿಟಿಎ 6 ಆಟ ಘೋಷಣೆಯಾದದ್ದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ಗಳಿಗೆ ಮಾತ್ರ. ಹಬ್ಬದ ದಿನ ಗೊತ್ತಾದ ಮೇಲೆ ಹೂವಿನ ಬೆಲೆ ಏನಾಗುತ್ತದೆಂದು ಮಾಲೂರಿನ ಗುಲಾಬಿ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಆದರೂ ನಮ್ಮ ಕಡೆ ಕನ್ಸೋಲ್ ಇರುವ ಮನೆಗಳು ಎಷ್ಟು? ಬಂಗಾರಪೇಟೆ-ಬೆಂಗಳೂರು ರೈಲಿನಲ್ಲಿ ಒಮ್ಮೆ ಕಣ್ಣಾಡಿಸಿದರೆ ನಮ್ಮ ಗೇಮಿಂಗ್ ಹಾರ್ಡ್‌ವೇರ್ ಯಾವುದೆಂದು ಗೊತ್ತಾಗುತ್ತದೆ. ಬಾಗಿಲ ಬಳಿ ನಿಂತು ಬಿಜಿಎಂಐ ಎಂಬ ಮೊಬೈಲ್ ಆಟ ಆಡುತ್ತಿರುವವರ ಕೈಯಲ್ಲಿರುವುದು ಹತ್ತು ಹದಿನೈದು ಸಾವಿರದ ಫೋನು.

ವದಂತಿಗಳ ಬಗ್ಗೆ ಒಂದು ಮಾತು. ಮಂಡಿಯಲ್ಲಿ "ಬಾಂಗ್ಲಾಕ್ಕೆ ಲೋಡು ಎತ್ತುತಾವ್ರೆ" ಎಂಬ ಸುದ್ದಿ ಬೆಳಿಗ್ಗೆ ಹಬ್ಬಿದರೆ ಹರಾಜಿನ ಕೂಗು ಏರುತ್ತದೆ. ಲಾರಿ ಬಂತೋ ಇಲ್ಲವೋ ಮಧ್ಯಾಹ್ನಕ್ಕೆ ತಿಳಿಯುವುದು. ಟೆಕ್ ಲೋಕದ ವದಂತಿಗಳಲ್ಲೂ ತೂಕದ ವ್ಯತ್ಯಾಸ ಇದೆ. ಭಾರತದಲ್ಲಿ ಫೋನು ಮಾರಲು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಆಗಲೇಬೇಕು; ಆ ಪಟ್ಟಿಯಲ್ಲಿ ಮಾದರಿ ಸಂಖ್ಯೆ ಕಂಡರೆ ಫೋನು ಬರುವುದು ಹೆಚ್ಚುಕಡಿಮೆ ಖಚಿತ. ಎಷ್ಟಕ್ಕೆ, ಯಾವತ್ತು ಅನ್ನುವುದು ಅದರಲ್ಲಿರುವುದಿಲ್ಲ. ಬ್ಲೂಮ್‌ಬರ್ಗ್‌ನ ಮಾರ್ಕ್ ಗುರ್ಮನ್, ತೈವಾನಿನ ಮಿಂಗ್-ಚಿ ಕುವೊ ಅಂಥವರು ಬಿಡಿಭಾಗ ಪೂರೈಸುವವರ ಕಡೆಯಿಂದ, ಕಂಪನಿಯ ಒಳಗಿನಿಂದ ಕೇಳಿ ಬರೆಯುತ್ತಾರೆ. ಹೆಚ್ಚಿನ ಸಲ ವಸ್ತುವಿನ ಬಗ್ಗೆ ಸರಿ, ದಿನಾಂಕದ ಬಗ್ಗೆ ಎಡವುತ್ತಾರೆ. ಮಡಚುವ ಐಫೋನು ಎಷ್ಟೋ ವರ್ಷ "ಮುಂದಿನ ವರ್ಷ" ಬರುತ್ತಲೇ ಇತ್ತು. ಎನ್‌ವಿಡಿಯಾದ ಹೊಸ ಸೂಪರ್ ಗ್ರಾಫಿಕ್ಸ್ ಕಾರ್ಡುಗಳು ಮೆಮೊರಿ ಇಲ್ಲದೆ ಮುಂದಕ್ಕೆ ಹೋದವು ಅನ್ನುವುದೂ ಇದೇ ತೂಕದ ಸುದ್ದಿ. ಕಾರ್ಡುಗಳನ್ನು ಘೋಷಿಸದೇ ಇದ್ದ ಕಂಪನಿ ಮುಂದೂಡಿದ್ದನ್ನು ಹೇಗೆ ತಾನೆ ಒಪ್ಪಿಕೊಂಡೀತು.

ಇವೆಲ್ಲಕ್ಕಿಂತ ಹಗುರದ್ದು, ಆದರೆ ಹೆಚ್ಚು ಕೆಲಸ ಮಾಡುವಂಥದ್ದು, "ಮುಂದಿನ ತಿಂಗಳು ಇನ್ನೂ ಏರುತ್ತದಂತೆ, ಈಗಲೇ ತಗೊಳ್ಳಿ" ಎಂಬ ವಾಟ್ಸಾಪ್ ಸಂದೇಶ. ಅದು ಸುಳ್ಳೆಂದು ಹೇಳಲಾರೆ. ಕೇಳಿದವರೆಲ್ಲ ಓಡಿ ಹೋಗಿ ಕೊಂಡರೆ ಅದು ತಾನೇ ನಿಜವಾಗಿಬಿಡುತ್ತದೆ. ದೊಡ್ಡವರೂ ಅದನ್ನೇ ಮಾಡಿದರು: ಲೆನೊವೊ ವಾಡಿಕೆಗಿಂತ ಅರ್ಧದಷ್ಟು ಹೆಚ್ಚು ಮೆಮೊರಿ ದಾಸ್ತಾನು ಮಾಡಿಕೊಂಡಿದೆ ಎಂದು 2025ರ ನವೆಂಬರ್‌ನಲ್ಲಿ ವರದಿಯಾಯಿತು. ಲೆನೊವೊಗೆ ಅದು ಬುದ್ಧಿವಂತಿಕೆ. ತಿಂಗಳ ಸಂಬಳದವನು ಅದೇ ಭಯಕ್ಕೆ ಇಎಂಐನಲ್ಲಿ ಫೋನು ತಂದರೆ ಏರಿದ ಬೆಲೆಯ ಜೊತೆ ಬಡ್ಡಿಯನ್ನೂ ಕಟ್ಟುತ್ತಾನೆ.

ಆ ಸಂಜೆ ಅಂಗಡಿಯಲ್ಲಿ ಹುಡುಗ ಸುಮಾರು ಹೊತ್ತು ಚೌಕಾಸಿ ಮಾಡಿದ. ಹದಿಮೂರು ಹನ್ನೆರಡೂ ಮುಕ್ಕಾಲಿಗೆ ಬಂದು ನಿಂತಿತು, ಮುಂದೆ ಇಳಿಯಲಿಲ್ಲ. ಕೊನೆಗೆ ಜೇಬಿನಿಂದ ಹಳೆ ಫೋನು ತೆಗೆದು ಗಾಜಿನ ಮೇಲಿಟ್ಟ. ಮೂರು ವರ್ಷದ್ದು, ಮೂಲೆಯಲ್ಲಿ ಬಿರುಕು. ಅಂಗಡಿಯವರು ಸೆಟ್ಟಿಂಗ್ಸ್ ತೆರೆದು ನೋಡಿದರು.

"ಇದ್ರಲ್ಲಿ ಆರು ಜಿಬಿ ಐತಲ್ಲೋ. ನೀನು ಕೇಳ್ತಿರೋ ಹೊಸದ್ರಲ್ಲಿ ನಾಲ್ಕೇ."

"ಚಾರ್ಜ್ ನಿಲ್ಲಲ್ಲ ಅಣ್ಣ. ಮಧ್ಯಾಹ್ನಕ್ಕೆ ಖಾಲಿ."

"ಬ್ಯಾಟ್ರಿ ಹೋಗೈತೆ, ಅಷ್ಟೇ. ಹಾಕ್ಕೊಡ್ತೀನಿ, ಒಂಬೈನೂರು."

"ಬ್ಯಾಟ್ರಿ ರೇಟೂ ಏರೈತಾ?"

"ಇನ್ನೂ ಇಲ್ಲ," ಅಂದವರೇ ನನ್ನ ಫೋನಿನ ಗಾರ್ಡನ್ನು ಹೆಬ್ಬೆರಳಿನಿಂದ ಒತ್ತಿ ಗುಳ್ಳೆ ಓಡಿಸತೊಡಗಿದರು.